ಓಟಿನ ಮಾತು ಆಮೇಲೆ, ಭಾನುವಾರದ ಮಾತು ಮೊದಲು

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಚುನಾವಣೆ ಬಂದರೆ ಈ ಅಂಕಣಕ್ಕೆ ಮನೆಯೊಳಗಿನ ಪಕ್ಷ ಜಗಳದ ಪತ್ರಗಳು ಬರುತ್ತಲೇ ಇರುತ್ತವೆ. ಮಾವ ಒಂದು ಪಕ್ಷ, ಅಳಿಯ ಇನ್ನೊಂದು ಪಕ್ಷ. ಅಂಥವಕ್ಕೆ ನಾನು ಉತ್ತರ ಬರೆಯುವುದಿಲ್ಲ. ನಿಮ್ಮದು ಅಂಥದ್ದಲ್ಲ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಉಡುಪಿ ಕಡೆಯವರು ಎಂದಷ್ಟೇ ಹೇಳುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಓದುಗರಿಗೆ ವಿಷಯ ಇಷ್ಟು. ಈ ಅಕ್ಕನಿಗೆ ಐವತ್ತಾರು ವರ್ಷ. ಯಜಮಾನರು ನಿವೃತ್ತರು. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ಅವಳ ಹೆಸರು ಮಾತ್ರ ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ. ಮದುವೆಯಾದಾಗಿನಿಂದ ಈ ಅಕ್ಕ ಗಂಡ ಹಾಕಿದ ಪಕ್ಷಕ್ಕೇ ಓಟು ಹಾಕಿದ್ದಾರೆ. ಒತ್ತಾಯಕ್ಕಲ್ಲ, ಅವರಿಗೂ ಆ ಪಕ್ಷ ಇಷ್ಟವೇ. ಕಳೆದ ವರ್ಷ, 2023ರ ನವರಾತ್ರಿಯ ಮೂರನೇ ದಿನ, ಅಕ್ಟೋಬರ್ 17ರ ಸಂಜೆ, ಮಗಳು ಫೋನ್ ಮಾಡಿ ಅತ್ತಳು. ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ದಿನ ಅದು. ಜೊತೆಗಿರುವ ಹುಡುಗಿ ಬರೀ ರೂಮ್‌ಮೇಟ್ ಅಲ್ಲ ಎಂದು ಮಗಳು ಬಾಯಿಬಿಟ್ಟದ್ದು ಅವತ್ತೇ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಈಗ 2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. ಮಗಳು ಕೇಳಿದ್ದಾಳೆ, "ಅಮ್ಮ, ಈ ಸಲ ನನ್ನನ್ನು ನೆನಪಿಟ್ಟುಕೊಂಡು ಓಟು ಹಾಕ್ತೀಯಾ?"

ಅಕ್ಕನ ಪ್ರಶ್ನೆ ಮೂರು. ಒಂದೇ ವಿಷಯಕ್ಕಾಗಿ ಇಷ್ಟು ವರ್ಷದ ಪಕ್ಷ ಬಿಡುವುದು ಸರಿಯಾ? ಯಜಮಾನರಿಗೆ ಹೇಳದೆ ಬೇರೆಯವರಿಗೆ ಹಾಕಿದರೆ ಮೋಸ ಅಲ್ವಾ? ಅನಾದಿಯಿಂದ ಬಂದ ಮದುವೆಯಲ್ಲಿ ಸರ್ಕಾರ ಯಾಕೆ ಕೈ ಹಾಕಬೇಕು?

ನಾಲ್ಕು ಪುಟ ಇದೇ ಮಾತು. ಕೊನೆಯಲ್ಲಿ, ಸಹಿ ಹಾಕುವ ಮುಂಚೆ, ನೀವು ಹೀಗೆ ಬರೆದಿದ್ದೀರಿ: "ಅವಳು ಓಟಿಗೆ ಗುರುವಾರ ರಾತ್ರಿಯ ಬಸ್ಸಿಗೆ ಬರ್ತಾಳೆ. ಭಾನುವಾರ ನನ್ನ ಅಣ್ಣ ಮುಂಬೈಯ ಒಂದು ಹುಡುಗನ ಮನೆಯವರನ್ನು ಬರಲಿಕ್ಕೆ ಹೇಳಿದ್ದಾನೆ, ಸುಮ್ನೆ ನೋಡಿ ಹೋಗ್ಲಿಕ್ಕೆ. ಅವಳಿಗೆ ಹೇಳಿಲ್ಲ. ಹೇಳಿದರೆ ಬರುವುದಿಲ್ಲ. ಮದುವೆ ಆದ ಮೇಲೆ ಎಲ್ಲ ಸರಿ ಆಗ್ತದೆ ಅಂತಾನೆ ಅಣ್ಣ. ಅದು ಹೇಗಾದರೂ ಆಗ್ತದೆ."

ಹೇಗಾದರೂ ಆಗುವುದಿಲ್ಲ ಅಕ್ಕಾ. ನಿಮ್ಮ ಪತ್ರದಲ್ಲಿ ಉತ್ತರ ಬೇಕಾದ ಜಾಗ ಅದೊಂದೇ.

ಮಗಳು ಊರಿಗೆ ಬರುತ್ತಿರುವುದು ಯಾಕೆ? ಬೆಂಗಳೂರಿನ ಎಷ್ಟೋ ಮಕ್ಕಳು ಮತದಾನದ ರಜೆಯನ್ನು ಮನೆಯಲ್ಲಿ ಮಲಗಿ ಕಳೆಯುತ್ತಾರೆ. ಇವಳು ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಘಾಟಿ ಇಳಿದು, ನಿಮ್ಮ ಪಕ್ಕ ಸಾಲಿನಲ್ಲಿ ನಿಲ್ಲಲು ಬರುತ್ತಿದ್ದಾಳೆ. ಶುಕ್ರವಾರ ಅಮ್ಮನ ಜೊತೆ ಓಟು ಹಾಕುತ್ತೇನೆ ಎಂದು ನಂಬಿದ್ದಾಳೆ. ಆ ನಂಬಿಕೆಯನ್ನೇ ಹಿಡಿದುಕೊಂಡು ನೀವು ಅವಳನ್ನು ಗೊತ್ತಿಲ್ಲದ ಜನರ ಎದುರು ತಟ್ಟೆ ಹಿಡಿದು ನಿಲ್ಲಿಸಲು ಹೊರಟಿದ್ದೀರಿ. ಮುಂದೆ ಅವಳು ಯಾವ ಹಬ್ಬಕ್ಕೆ ಧೈರ್ಯವಾಗಿ ಮನೆಗೆ ಬರಬೇಕು? ಪ್ರತಿ ಸಲವೂ "ಅಮ್ಮ, ಬೇರೆ ಯಾರಾದ್ರೂ ಬರ್ತಾ ಇದ್ದಾರಾ?" ಎಂದು ಕೇಳಿಯೇ ಟಿಕೆಟ್ ತೆಗೆಯುತ್ತಾಳೆ. ಹೀಗೆ ತವರಿಗೆ ಬರುವುದನ್ನೇ ಬಿಟ್ಟ ಹೆಣ್ಣುಮಕ್ಕಳ ಪತ್ರಗಳು ನನ್ನ ಹತ್ತಿರ ಇವೆ.

ನಿಮ್ಮ ಮೇಲೆ ನನಗೆ ಬೇಸರ ಇದೆ, ಕೋಪ ಇಲ್ಲ. ಕೋಪ ಇರುವುದು ನಿಮ್ಮ ಅಣ್ಣನ ಮೇಲೆ. ಅವರಿಗೆ ವಿಷಯ ಗೊತ್ತು, ನೀವೇ ಹೇಳಿದ್ದೀರಿ. ಗೊತ್ತಿದ್ದೂ ಈ ಸಂಬಂಧ ತಂದಿದ್ದಾರೆ. ನಮ್ಮ ಕಡೆ ಸೋದರಮಾವನಿಗೆ ಎಂಥ ಸ್ಥಾನ ಇದೆ ಎಂದು ನಾನು ಹೇಳಬೇಕಾಗಿಲ್ಲ. ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವ ಅಳಿಯಸಂತಾನದ ಕಾಲದಲ್ಲಿ ಮನೆಯ ಯಜಮಾನಿಕೆಯೇ ಅವನ ಕೈಯಲ್ಲಿತ್ತು, ತಂಗಿಯ ಮಕ್ಕಳನ್ನು ಕಾಯುವುದು ಅವನ ಜವಾಬ್ದಾರಿ ಆಗಿತ್ತು. ಈ ಮಾವ ಕಾಯುತ್ತಿರುವುದು ಯಾರನ್ನು? ಮಗಳನ್ನಲ್ಲ. ನಿಮ್ಮನ್ನೂ ಅಲ್ಲ. ನಾಳೆ ಯಾರಾದರೂ ಏನಾದರೂ ಕೇಳಿದರೆ ತನ್ನ ಮುಖ ಉಳಿಯಬೇಕು, ಅಷ್ಟೇ.

"ಮದುವೆ ಆದ ಮೇಲೆ ಸರಿ ಆಗ್ತದೆ" ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕುಡಿಯುವವನಿಗೂ ಇದನ್ನೇ ಹೇಳಿ ಮದುವೆ ಮಾಡಿಸಿದರು, ಕೆಲಸ ಮಾಡದವನಿಗೂ ಇದನ್ನೇ ಹೇಳಿದರು. ಅನುಭವಿಸಿದ್ದು ಯಾವಾಗಲೂ ಇನ್ನೊಂದು ಮನೆಯ ಮಗು. ನಿಮ್ಮ ಮಗಳ ವಿಷಯದಲ್ಲಂತೂ ಸರಿಯಾಗಬೇಕಾದದ್ದು ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಹೇಳಿತು. "ಬದಲಾಯಿಸಿ ಕೊಡ್ತೇವೆ" ಎಂದು ಚಿಕಿತ್ಸೆಗೆ ಇಳಿಯುವ ಡಾಕ್ಟರದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಡಾಕ್ಟರಿಗೇ ಮಾಡಬಾರದು ಎಂದಿರುವ ಕೆಲಸವನ್ನು ಪುರೋಹಿತರಿಂದ ಮಾಡಿಸಲು ಹೊರಟಿದ್ದಾರೆ ನಿಮ್ಮ ಅಣ್ಣ.

ಆ ಮುಂಬೈ ಹುಡುಗನ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಅವನು ಏನು ತಪ್ಪು ಮಾಡಿದ? ಊರಿನ ಹುಡುಗಿ, ಒಳ್ಳೆಯ ಮನೆತನ ಎಂದು ನಂಬಿ ಅವನ ಅಪ್ಪ ಅಮ್ಮ ಅಷ್ಟು ದೂರದಿಂದ ಬರುತ್ತಾರೆ. ತನ್ನನ್ನು ಎಂದೂ ಬಯಸಲಾರದ ಹೆಂಡತಿಯ ಜೊತೆ ಅವನು ನಲವತ್ತು ವರ್ಷ ಬದುಕಬೇಕಾ? ಮುಖ್ಯವಾದ ವಿಷಯ ಮುಚ್ಚಿಟ್ಟು ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಲು 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ದಾರಿ ಇದೆ. ಕೋರ್ಟಿನವರೆಗೆ ಹೋದರೆ ನಿಮ್ಮ ಅಣ್ಣ ಯಾವುದನ್ನು ಮುಚ್ಚಿಡಲು ಇಷ್ಟೆಲ್ಲ ಮಾಡುತ್ತಿದ್ದಾರೋ ಅದು ಊರಿಗೆಲ್ಲ ಗೊತ್ತಾಗುತ್ತದೆ.

ಇನ್ನು ಓಟು.

ಯಾರಿಗೆ ಹಾಕಬೇಕು ಎಂದು ನಾನು ಹೇಳುವುದಿಲ್ಲ. ನಿಮ್ಮ ಮಗಳೂ ಹೇಳಿಲ್ಲ, ಗಮನಿಸಿ. ಇಂಥ ಚಿಹ್ನೆಗೆ ಒತ್ತು ಎನ್ನಲಿಲ್ಲ ಅವಳು. ನನ್ನನ್ನು ನೆನಪಿಟ್ಟುಕೊ ಎಂದಳು.

ಯಜಮಾನರಿಗೆ ಮೋಸವಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಈ ಅಂಕಣದಲ್ಲಿ ನಾನು ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ರೇಷನ್ ಕಾರ್ಡು ಮನೆಗೊಂದು, ಓಟು ತಲೆಗೊಂದು. ದೇಶದ ಮೊದಲ ಮಹಾಚುನಾವಣೆಯ ಪಟ್ಟಿ ಮಾಡುವಾಗ ಬಹಳಷ್ಟು ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಉತ್ತರದ ರಾಜ್ಯಗಳಲ್ಲಿ ಅದು ಜಾಸ್ತಿ. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಜಾಗ ಇಲ್ಲ ಎಂದಿತು ಚುನಾವಣಾ ಆಯೋಗ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ನಿಮ್ಮ ಹೆಸರು ಪಟ್ಟಿಯಲ್ಲಿದೆ. ನಿಮ್ಮ ಬೆರಳಿಗೆ ಬೇರೆಯೇ ಶಾಯಿ ಹಾಕುತ್ತಾರೆ. ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಅದನ್ನು ನೋಡುವವರು ನೀವೊಬ್ಬರೇ. ಆ ಗುಟ್ಟನ್ನು ಹೊರಗೆ ಹಾಕುವ ಚುನಾವಣಾ ಸಿಬ್ಬಂದಿಗೆ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಜೈಲು ಇದೆ. ಕಾನೂನು ಇಷ್ಟು ಜಾಗ್ರತೆಯಿಂದ ಕಾಯುವ ಗುಟ್ಟನ್ನು ಗಂಡನ ಎದುರು ಒಪ್ಪಿಸಬೇಕಾದ ಅಗತ್ಯ ಇಲ್ಲ. ಹೇಳಬೇಕು ಅನಿಸಿದರೆ ಹೇಳಿ, ಅದು ನಿಮ್ಮ ಇಷ್ಟ.

ಮದುವೆಗೆ ಸರ್ಕಾರ ಯಾಕೆ ಕೈ ಹಾಕಬೇಕು ಎನ್ನುವುದು ಯಜಮಾನರ ಮಾತು ಎಂದು ಬರೆದಿದ್ದೀರಿ. ಅವರು ನಮ್ಮ ಜಿಲ್ಲೆಯ ಕತೆಯನ್ನೇ ನೋಡಲಿ. ನಮ್ಮ ಅಜ್ಜಿಯರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸಿನ ಕೆಳಗಿತ್ತು. ಹಿಂದೂ ಗಂಡಸು ಎರಡನೇ ಮದುವೆ ಆದರೆ ಕೇಳುವವರಿರಲಿಲ್ಲ. ಅದನ್ನು ನಿಲ್ಲಿಸಿ, ವಿಚ್ಛೇದನಕ್ಕೂ ದಾರಿ ಮಾಡಿದ್ದು 1949ರ ಮದ್ರಾಸ್ ಕಾಯ್ದೆ. ಜಾತಿ, ಧರ್ಮ ನೋಡದೆ ರಿಜಿಸ್ಟರ್ ಮದುವೆಯಾಗಲು ದಾರಿ ಕೊಟ್ಟದ್ದು 1954ರ ವಿಶೇಷ ವಿವಾಹ ಕಾಯ್ದೆ. ಅಳಿಯಸಂತಾನದ ಆಸ್ತಿ ಲೆಕ್ಕವನ್ನು ಬದಲಾಯಿಸಿದ್ದು 1956ರ ಉತ್ತರಾಧಿಕಾರ ಕಾಯ್ದೆ. ಏಳೇ ವರ್ಷದಲ್ಲಿ ಇಷ್ಟು. ಪ್ರತಿ ಸಲವೂ ಸಂಸಾರ ಮುಳುಗಿತು ಎಂದು ಬೊಬ್ಬೆ ಹಾಕಿದವರಿದ್ದರು. ಇವನ್ನೆಲ್ಲ ಮಾಡಿದ್ದು ಶಾಸನಸಭೆ, ಸಂಸತ್ತು. ಅಲ್ಲಿಗೆ ಜನರನ್ನು ಕಳಿಸುವವರು ನಾವು.

ಕೋರ್ಟು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕಳೆದ ವರ್ಷ ಮೇ 10ಕ್ಕೆ ನಾವು ವಿಧಾನಸಭೆಗೆ ಓಟು ಹಾಕಿದೆವು, ಮರುದಿನ ದೆಹಲಿಯಲ್ಲಿ ಈ ಕೇಸಿನ ವಾದ ಮುಗಿಯಿತು. ಅಕ್ಟೋಬರಿನಲ್ಲಿ ಐದು ನ್ಯಾಯಮೂರ್ತಿಗಳೂ ಸೇರಿ, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದರು. ಜೋಡಿಯಾಗಿ ಬದುಕುವುದಕ್ಕಾದರೂ ಮಾನ್ಯತೆ ಕೊಡಬೇಕು ಎಂದವರು ಇಬ್ಬರು, ಬೇಡ ಎಂದವರು ಮೂವರು. ಇಂಥ ಜೋಡಿಗಳ ಕಷ್ಟ ನೋಡಲು ಒಂದು ಸಮಿತಿ ಮಾಡುವುದಾಗಿ ಕೇಂದ್ರ ಸರ್ಕಾರ ಕೋರ್ಟಿಗೆ ಹೇಳಿತ್ತು. ಅದನ್ನು ರಚಿಸಿದ್ದು ಈ ತಿಂಗಳ 16ಕ್ಕೆ. ಅಂದರೆ ನಿಮ್ಮ ಮಗಳ ಮದುವೆಯ ಕಾಗದ ಈಗ ಇರುವುದು ಸಂಸತ್ತಿನ ಅಂಗಳದಲ್ಲಿ. ಅವಳು ಈ ಚುನಾವಣೆಯಲ್ಲಿ ನಿಮ್ಮನ್ನು ಕೇಳಿದ್ದು ಹುಡುಗಾಟಕ್ಕಲ್ಲ.

ಪಕ್ಷಗಳು ಏನು ಹೇಳಿವೆ ಎಂದರೆ, ಎಲ್ಲರ ಜೊತೆ ಚರ್ಚೆ ಮಾಡಿ ಇಂಥ ಜೋಡಿಗಳನ್ನು ಗುರುತಿಸುವ ಕಾನೂನು ತರುತ್ತೇವೆ ಎಂದು ಕಾಂಗ್ರೆಸ್ ಪ್ರಣಾಳಿಕೆಯಲ್ಲಿದೆ. ಅದು ಮದುವೆ ಎನ್ನುವುದಿಲ್ಲ, ಸಿವಿಲ್ ಯೂನಿಯನ್ ಎನ್ನುತ್ತದೆ, ಅಂದರೆ ಜೋಡಿಯಾಗಿ ಬದುಕುವುದಕ್ಕೆ ಕಾನೂನಿನ ಮಾನ್ಯತೆ. ಮದುವೆಯಂಥದ್ದೇ ಕಾನೂನು ರಕ್ಷಣೆ ಕೊಡುತ್ತೇವೆ ಎಂದು ಸಿಪಿಎಂ ಬರೆದಿದೆ. ಬಿಜೆಪಿಯ ಪ್ರಣಾಳಿಕೆಯಲ್ಲಿ ತೃತೀಯ ಲಿಂಗಿಗಳಿಗೆ ಆಶ್ರಯಮನೆ, ಗುರುತಿನ ಚೀಟಿ, ಆಯುಷ್ಮಾನ್ ವಿಮೆಯ ಮಾತಿದೆ. ಸಲಿಂಗ ಮದುವೆಯ ಮಾತಿಲ್ಲ, ಕೋರ್ಟಿನಲ್ಲಿ ಅವರ ಸರ್ಕಾರ ಅದನ್ನು ವಿರೋಧಿಸಿತ್ತು. ಇವುಗಳಲ್ಲಿ ಯಾರು ಮಾತು ಉಳಿಸಿಕೊಳ್ಳುತ್ತಾರೆ, ಯಾರು ರಸ್ತೆ ಮಾಡುತ್ತಾರೆ, ಮೀನುಗಾರರ ಮಾತು ಯಾರು ಕೇಳುತ್ತಾರೆ, ಎಲ್ಲವನ್ನೂ ತೂಗಿ ನೋಡುವುದು ನಿಮ್ಮ ಕೆಲಸ. ಮನೆ ಬಾಗಿಲಿಗೆ ಓಟಿನ ಚೀಟಿ ಕೊಡಲು ಬರುತ್ತಾರಲ್ಲ, ಅವರನ್ನೇ ಕೇಳಿ. ಮಗಳ ಹೆಸರು ಎತ್ತಬೇಡಿ. "ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಬಾಳ್ವೆ ಮಾಡಿದರೆ ಅವರಿಗೆ ಏನು ಕಾನೂನು ಮಾಡ್ತೀರಿ?" ಎಂದು ಕೇಳಿ. ಹತ್ತು ಮನೆಯಲ್ಲಿ ಹತ್ತು ತಾಯಂದಿರು ಕೇಳಿದರೆ ಆ ಪ್ರಶ್ನೆ ಅಭ್ಯರ್ಥಿಯವರೆಗೂ ಹೋಗುತ್ತದೆ.

ಒಂದೇ ವಿಷಯಕ್ಕೆ ಪಕ್ಷ ಬಿಡಬಹುದಾ ಎಂದಿರಿ. ಇದು ಒಂದು ವಿಷಯ ಅಲ್ಲ ಅಕ್ಕಾ. ಮಗಳಿಗೆ ಹುಷಾರಿಲ್ಲದೆ ಆಪರೇಶನ್ ಎಂದಾದರೆ ಆಸ್ಪತ್ರೆಯಲ್ಲಿ "ನೀವು ಅವರಿಗೆ ಏನಾಗಬೇಕು?" ಎಂದು ಆ ಹುಡುಗಿಯನ್ನು ಕೇಳುತ್ತಾರೆ. ಹೇಳಲು ಅವಳ ಹತ್ತಿರ ಸಂಬಂಧದ ಹೆಸರೇ ಇಲ್ಲ. ಇಬ್ಬರೂ ಸೇರಿ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ಉಯಿಲು ಬರೆದಿಡದೆ ಒಬ್ಬಳು ಹೋದರೆ ಇನ್ನೊಬ್ಬಳಿಗೆ ಪಾಲಿಲ್ಲ. ನಿಮಗೆ ಮತ್ತು ಯಜಮಾನರಿಗೆ ಒಂದು ತಾಳಿಯ ಜೊತೆ ಕೇಳದೆಯೇ ಬಂದದ್ದು ಇವೆಲ್ಲ. ಕಳೆದ ಏಪ್ರಿಲಿನಲ್ಲಿ, ವಾದ ನಡೆಯುತ್ತಿದ್ದಾಗ, ಇಂಥ ಮಕ್ಕಳ ನಾನೂರಕ್ಕೂ ಜಾಸ್ತಿ ತಂದೆತಾಯಂದಿರು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ನಮಗೆ ವಯಸ್ಸಾಗುತ್ತಿದೆ, ನಾವು ಇರುವಾಗಲೇ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ಬೀಳಲಿ ಎಂದು ಕೇಳಿಕೊಂಡರು. ನೀವೂ ಆ ಗುಂಪಿಗೆ ಸೇರಿದವರು. ಒಬ್ಬಳೇ ಇದ್ದೇನೆ ಎಂದು ಬರೆದಿರಲ್ಲ, ಅದಕ್ಕೆ ಹೇಳಿದೆ.

ಯಜಮಾನರ ಬಗ್ಗೆಯೂ ಒಂದು ಮಾತು. ಪತ್ರದಲ್ಲಿ ನೀವು ಅವರಿಗೆ ಬರೀ ಹೆದರಿದ್ದೀರಿ. ನನಗೆ ಅವರ ಮೇಲೆ ಕನಿಕರ ಬಂತು. ಸ್ವಂತ ಮಗಳ ವಿಷಯ ಭಾವನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಅವರು ಸಿಟ್ಟು ಮಾಡಬಹುದು, ಮಾಡದೆಯೂ ಇರಬಹುದು. ಹೇಳುವುದು ಯಾವಾಗ ಎನ್ನುವುದು ಮಗಳ ತೀರ್ಮಾನ. ಅವಳು ಬಂದಾಗ ಕೇಳಿ. ಅವಳು ಹೂಂ ಅನ್ನದೆ ಇನ್ನೊಬ್ಬರ ಹತ್ತಿರ ಬಾಯಿ ಬಿಡಬೇಡಿ, ಅಣ್ಣನ ಹತ್ತಿರ ಬಿಟ್ಟದ್ದು ಸಾಕು.

ನೀವು ಮಾಡಬೇಕಾದ್ದು ಒಂದೇ. ಭಾನುವಾರದ ಕಾರ್ಯಕ್ರಮ ರದ್ದು ಮಾಡಿ, ಇವತ್ತೇ. ಅಣ್ಣನ ಮೂಲಕ ಬೇಡ, ಅವರು ಅದನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಹುಡುಗನ ಮನೆಯವರ ನಂಬರು ತೆಗೆದುಕೊಂಡು ನೀವೇ ಮಾತಾಡಿ. "ಹುಡುಗಿಗೆ ಒಪ್ಪಿಗೆ ಇಲ್ಲ, ಅವಳನ್ನು ಕೇಳದೆ ಹೇಳಿದ್ದು ನಮ್ಮ ತಪ್ಪು, ಬರಬೇಡಿ" ಎಂದರೆ ಸಾಕು. ಕಾರಣ ಹೇಳಬೇಕಾಗಿಲ್ಲ. ಅದಾದ ಮೇಲೆ ಮಗಳಿಗೆ ಫೋನ್ ಮಾಡಿ, ಹೀಗೊಂದು ಮಾಡಿದ್ದೆವು, ನಿಲ್ಲಿಸಿದ್ದೇನೆ ಎಂದು ಹೇಳಿ. ಬೈದರೆ ಬೈಸಿಕೊಳ್ಳಿ. ಬರುವುದೇ ಇಲ್ಲ ಎಂದರೆ ಅದನ್ನೂ ಕೇಳಿಸಿಕೊಳ್ಳಿ, ಬರುವುದು ಬಿಡುವುದು ಅವಳ ಇಷ್ಟ. ಆದರೆ ಗುರುವಾರ ರಾತ್ರಿ ಬಸ್ಸು ಹತ್ತುವ ಮೊದಲೇ ಅವಳಿಗೆ ಎಲ್ಲ ಗೊತ್ತಿರಬೇಕು.