ಕಿಂಡಿಯಿಂದ ನುಗ್ಗಬೇಡಿ, ಬಾಗಿಲಿನಿಂದ ಬನ್ನಿ

ಪ್ರಶ್ನೆ: ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ, ಗೆಳೆಯ ಚಿತ್ರದುರ್ಗದಲ್ಲಿ. ಇಬ್ಬರೂ ಸೇಲ್‌ನಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ (ಇಎಸ್‌ಒ) ಅನ್ನುವ ವಿಡಿಯೋ ಆಟದ ಬೇಸ್ ಗೇಮ್, ಅಂದರೆ ಮೂಲ ಆಟ ತಗೊಂಡಿದ್ದೇವೆ. ಅವನು ಇದೇ ಸರಣಿಯ ಹಳೇ ಆಟ ಸ್ಕೈರಿಮ್‌ನ ಹುಚ್ಚಿನವನು. ಗ್ರೇಮೂರ್ ಚಾಪ್ಟರ್ (ಮೂಲ ಆಟಕ್ಕೆ ಸೇರಿಸುವ ಹೊಸ ಕಥೆ, ಹೊಸ ಪ್ರದೇಶ) ಕೊಂಡು ಅಲ್ಲಿಂದಲೇ ಶುರು ಮಾಡೋಣ ಅಂತಾನೆ. ನನಗೆ ನೆಕ್ರೋಮ್ ಚಾಪ್ಟರ್‌ನ ಆರ್ಕ್ಯಾನಿಸ್ಟ್ ಅನ್ನುವ ಪಾತ್ರ-ವರ್ಗದ ಮೇಲೆ ಕಣ್ಣು. ಹಳೇ ಬೇಸ್ ಗೇಮ್ ಬೋರು, ಬಿಟ್ಟುಬಿಡಿ ಅಂತ ಕೆಲವರು ಹೇಳುತ್ತಾರೆ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಅದೇ ಹೆಚ್ಚು. ಎಲ್ಲಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಇಬ್ಬರೂ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಬೇಸ್ ಗೇಮ್‌ನಲ್ಲಿ ಎಬನ್‌ಹಾರ್ಟ್ ಪ್ಯಾಕ್ಟ್ ಬಣವನ್ನು ಆರಿಸಿಕೊಂಡು ಶುರು ಮಾಡಿ. ನಿಮ್ಮ ಗೆಳೆಯರಿಗೆ ಇನ್ನೂ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸ್ಕೈರಿಮ್ ನಾಡಿನ ಅರ್ಧ ಈಗಾಗಲೇ ಅವರ ಕೈಯಲ್ಲಿದೆ. ವಿಂಡ್‌ಹೆಲ್ಮ್ ಇರುವ ಈಸ್ಟ್‌ಮಾರ್ಚ್, ರಿಫ್ಟನ್ ಇರುವ ದಿ ರಿಫ್ಟ್ ಎರಡೂ ಬೇಸ್ ಗೇಮ್‌ನಲ್ಲೇ ಇವೆ, ಪ್ಯಾಕ್ಟ್ ಕಥೆಯ ಕೊನೇ ಭಾಗದಲ್ಲೇ ಬರುತ್ತವೆ. ಗ್ರೇಮೂರ್ ಕೊಡುವುದು ಪಶ್ಚಿಮದ ಕಡೆಯನ್ನು, ಸಾಲಿಟ್ಯೂಡ್ ಸುತ್ತಮುತ್ತ. ಇನ್ನೊಂದು ಮಾತು, ಈ ಆಟ ನಡೆಯುವುದು ಅವರು ಆಡಿದ ಸ್ಕೈರಿಮ್‌ಗಿಂತ ಸುಮಾರು ಸಾವಿರ ವರ್ಷ ಹಿಂದೆ. ಹಳೇ ಪರಿಚಯದವರು ಸಿಗುತ್ತಾರೆ ಅಂತ ಹೋದರೆ ಸಿಗುವುದು ಊರಿನ ಹೆಸರು ಮಾತ್ರ.

2016ರ ಅಕ್ಟೋಬರ್‌ವರೆಗೆ ಈ ಪ್ರಶ್ನೆಯೇ ಇರಲಿಲ್ಲ. ಲೆವೆಲ್ ಸಾಲದಿದ್ದರೆ ಮುಂದಿನ ಊರಿಗೆ ಹೋಗಿ ಸಾಯುವುದೇ ಆಗುತ್ತಿತ್ತು. ಆಮೇಲೆ ‘ಒನ್ ಟ್ಯಾಮ್ರಿಯಲ್’ ಅಪ್‌ಡೇಟ್ ಬಂತು, ಎಲ್ಲಾ ಪ್ರದೇಶವೂ ನಮ್ಮ ಲೆವೆಲ್‌ಗೆ ತಕ್ಕಂತೆ ಹೊಂದಿಕೊಳ್ಳತೊಡಗಿತು. ಈಗ ಯಾರು ಎಲ್ಲಿಂದ ಬೇಕಾದರೂ ಶುರು ಮಾಡಬಹುದು, ಮೂರನೇ ಲೆವೆಲ್‌ನವನೂ ಐವತ್ತರವನೂ ಜೊತೆಗೆ ಆಡಬಹುದು. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ. ಹೊಡೆದಾಟ ಎಲ್ಲಿಂದ ಶುರುವಾದರೂ ನಡೆಯುತ್ತದೆ, ಕಥೆ ಹಾಗೆ ನಡೆಯುವುದಿಲ್ಲ.

ನನ್ನದೇ ಕಥೆ ಕೇಳಿ. ನಾನು ಶುರು ಮಾಡಿದ್ದು 2018ರಲ್ಲಿ, ಆಗ ತಾನೇ ಬಂದ ಸಮ್ಮರ್‌ಸೆಟ್ ಚಾಪ್ಟರ್‌ನಿಂದ. ಅಲ್ಲಿ ರಾಝುಮ್-ದಾರ್ ಅಂತ ಒಬ್ಬ ಬೆಕ್ಕಿನ ಮುಖದ ಗೂಢಚಾರ. ತಮಾಷೆಯ ಆಸಾಮಿ, ಕಷ್ಟಕ್ಕೆಲ್ಲಾ ಜೊತೆಗಿದ್ದ. ತಿಂಗಳುಗಟ್ಟಲೆ ಆದ ಮೇಲೆ ಬೇಸ್ ಗೇಮ್‌ಗೆ ಹೋದೆ. ಖೆನಾರ್ಥಿಸ್ ರೂಸ್ಟ್ ದ್ವೀಪದಲ್ಲಿ ಅದೇ ರಾಝುಮ್-ದಾರ್ ಸಿಕ್ಕಿ, ನೀನು ಯಾರೋ ಗೊತ್ತಿಲ್ಲ ಅನ್ನುವ ಹಾಗೆ ಮಾತಾಡಿಸಿದ. ಜೊತೆಗೆ ಊಟ ಮಾಡಿದ ನೆಂಟ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿಯದ ಹಾಗಾಯಿತು. ಅವನ ತಪ್ಪಲ್ಲ. ಆ ಕಥೆ ಬರೆದಿದ್ದು 2014ರ ಆಟಕ್ಕೆ, ಆಗ ಅವನು ನಮ್ಮನ್ನು ಮೊದಲ ಸಲ ನೋಡುವುದು.

ಗ್ರೇಮೂರ್‌ನಲ್ಲಿ ಇದೇ ಮಾತು ಲೈರಿಸ್ ಅನ್ನುವ ಪಾತ್ರಕ್ಕೆ ಅನ್ವಯಿಸುತ್ತದೆ. 2020ರ ಆ ಕಥೆಯನ್ನು ಹೊತ್ತು ಸಾಗುವವಳೇ ಅವಳು. ಆದರೆ ಅವಳು ಯಾರು, ಏನು ಕಳೆದುಕೊಂಡವಳು ಅನ್ನುವುದೆಲ್ಲಾ ಬೇಸ್ ಗೇಮ್‌ನ ಮುಖ್ಯ ಕಥೆಯಲ್ಲಿದೆ, ಐವರು ಜೊತೆಗಾರರ ಕಥೆಯಲ್ಲಿ. ಅವರಲ್ಲೇ ಒಬ್ಬನಾದ ಅಬ್ನರ್ ಥಾರ್ನ್ 2019ರ ಎಲ್ಸ್‌ವೇರ್ ಚಾಪ್ಟರ್‌ನಲ್ಲಿ ಮತ್ತೆ ಬರುತ್ತಾನೆ. ಮೊದಲ ಕಥೆ ಗೊತ್ತಿದ್ದವರಿಗೆ ಅವನ ಒಂದೊಂದು ಕೊಂಕು ಮಾತಿಗೂ ನಗು ಬರುತ್ತದೆ. ಗೊತ್ತಿಲ್ಲದವರಿಗೆ ಅವನು ಸುಮ್ನೆ ಗೊಣಗುವ ಮುದುಕ. ನೇರ ಗ್ರೇಮೂರ್‌ಗೆ ಹೋಗುವುದು ಏಳುಸುತ್ತಿನ ಕೋಟೆಗೆ ಕಿಂಡಿಯಿಂದ ನುಗ್ಗಿದ ಹಾಗೆ. ಹಾಗೆ ನುಗ್ಗಿದವರಿಗೆ ಏನಾಯಿತು ಅಂತ ದುರ್ಗದವರಿಗೆ ನಾನು ಹೇಳಬೇಕೇ?

ದುಡ್ಡಿನ ಲೆಕ್ಕವೂ ಇದೆ. ಗ್ರೇಮೂರ್ ಕಥೆ ಗ್ರೇಮೂರ್‌ನಲ್ಲೇ ಮುಗಿಯುವುದಿಲ್ಲ, ಮಾರ್ಕಾರ್ತ್ ಅನ್ನುವ ಇನ್ನೊಂದು ಡಿಎಲ್‌ಸಿಯಲ್ಲಿ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಮುಗಿಯುತ್ತದೆ. 2019ರಿಂದ 2022ರವರೆಗಿನ ಚಾಪ್ಟರ್‌ಗಳೆಲ್ಲಾ ಹೀಗೇ. ಎಲ್ಸ್‌ವೇರ್‌ಗೆ ಡ್ರ್ಯಾಗನ್‌ಹೋಲ್ಡ್, ಬ್ಲ್ಯಾಕ್‌ವುಡ್‌ಗೆ ಡೆಡ್‌ಲ್ಯಾಂಡ್ಸ್, ಹೈ ಐಲ್‌ಗೆ ಫೈರ್‌ಸಾಂಗ್. ಚಾಪ್ಟರ್ ಕೊಳ್ಳುವಾಗ ಬಾಲ ಎಲ್ಲಿದೆ ಅಂತ ನೋಡಿಕೊಳ್ಳಿ. ಇಎಸ್‌ಒ ಪ್ಲಸ್ ಅನ್ನುವ ತಿಂಗಳ ಚಂದಾ ಕಟ್ಟಿದರೆ ಹಳೇ ಡಿಎಲ್‌ಸಿಗಳು ತೆರೆದುಕೊಳ್ಳುತ್ತವೆ ನಿಜ. ಆದರೆ ಚಂದಾ ನಿಲ್ಲಿಸಿದ ದಿನ ಮುಚ್ಚಿಕೊಳ್ಳುತ್ತವೆ. ದಿನಕ್ಕೆ ಒಂದೇ ಗಂಟೆ ಆಡುವ ನಿಮಗೆ ಈಗಲೇ ಅದು ಬೇಡ.

ಬೇಸ್ ಗೇಮ್ ಬೋರು ಅನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಪ್ಯಾಕ್ಟ್‌ನ ಪ್ರದೇಶವಾದ ಸ್ಟೋನ್‌ಫಾಲ್ಸ್‌ನಲ್ಲಿ ಅಲ್ಲಿಂದ ಇಲ್ಲಿಗೆ ಸಾಮಾನು ಹೊರುವ ಕೆಲಸ ಸ್ವಲ್ಪ ಜಾಸ್ತಿಯೇ. ಕಾಣುವ ಕ್ವೆಸ್ಟ್‌ಗಳನ್ನೆಲ್ಲಾ (ಆಟ ಒಪ್ಪಿಸುವ ಕೆಲಸಗಳು) ಮಾಡಲೇಬೇಕು ಅಂತ ಹಟ ಹಿಡಿಯಬೇಡಿ. ಬಣದ ಕಥೆ, ಮುಖ್ಯ ಕಥೆ ಎರಡನ್ನೇ ಹಿಡಿದುಕೊಂಡು ಹೋಗಿ. ಸ್ಟೋನ್‌ಫಾಲ್ಸ್, ಡೆಶಾನ್, ಶಾಡೋಫೆನ್, ಈಸ್ಟ್‌ಮಾರ್ಚ್, ದಿ ರಿಫ್ಟ್ ಅಂತ ಐದು ದೊಡ್ಡ ಪ್ರದೇಶ. ಅದಕ್ಕೂ ಮೊದಲು ಬ್ಲೀಕ್‌ರಾಕ್ ಅನ್ನುವ ಹಿಮದ ಪುಟ್ಟ ದ್ವೀಪ ಇದೆ, ಅದನ್ನು ಬಿಡಬೇಡಿ. ಅಲ್ಲಿ ಸಿಗುವವರಲ್ಲಿ ಕೆಲವರು ಮುಂದೆ ಬೇರೆ ಊರುಗಳಲ್ಲಿ ಎದುರಾಗುತ್ತಾರೆ. ಮುಗಿದ ಮೇಲೆ ವಾರ್ಡೆನ್‌ಫೆಲ್‌ಗೆ ಹೋಗಿ. ಅದು 2017ರ ಮಾರೋವಿಂಡ್ ಚಾಪ್ಟರ್, ಈಗ ಬೇಸ್ ಗೇಮ್ ಜೊತೆಗೇ ಬರುತ್ತದೆ. ಪ್ಯಾಕ್ಟ್ ಕಥೆಯ ಕೊಲೆಗಾತಿ ನಾರ್ಯು ಅಲ್ಲಿ ಮತ್ತೆ ಸಿಗುತ್ತಾಳೆ. ಗ್ರೇಮೂರ್ ಆಮೇಲೆ.

ಇಬ್ಬರೂ ಜೊತೆಗೆ ಆಡುವವರು, ಅದಕ್ಕೇ ಇದನ್ನು ಮೊದಲೇ ತಿಳಿದಿರಿ. ಪ್ರವಾದಿ ಅನ್ನುವ ಪಾತ್ರ ಹೇಳುವ ಮುಖ್ಯ ಕಥೆಯನ್ನು ಒಬ್ಬೊಬ್ಬರೇ ಆಡಬೇಕು, ಗೆಳೆಯನನ್ನು ಒಳಗೆ ಬಿಡುವುದಿಲ್ಲ. ಅದು ಲೆವೆಲ್ ಏರಿದಂತೆ ತುಂಡು ತುಂಡಾಗಿ ತೆರೆದುಕೊಳ್ಳುತ್ತದೆ. ವಾರದ ದಿನಗಳಲ್ಲಿ ಅವರವರ ಪಾಡಿಗೆ ಅದನ್ನು ಆಡಿಕೊಳ್ಳಿ. ಬಣದ ಕಥೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಒಬ್ಬರು ಮುಂದೆ ಓಡಿದರೆ ಇನ್ನೊಬ್ಬರಿಗೆ ಅದೇ ಕ್ವೆಸ್ಟ್ ಬೇರೆ ಹಂತದಲ್ಲಿ ನಿಂತಿರುತ್ತದೆ, ಆಮೇಲೆ ಜಗಳ.

ಆರ್ಕ್ಯಾನಿಸ್ಟ್ ವಿಷಯ. ಆ ವರ್ಗ ಬೇಕೇ ಬೇಕು ಅಂದರೆ ನೆಕ್ರೋಮ್ ಕೊಳ್ಳಿ, ತಪ್ಪಿಲ್ಲ. ಹೊಸಬರ ಕೈಗೆ ಬೇಗ ಹತ್ತುವ ವರ್ಗ ಅದು. ಆದರೆ ಆರ್ಕ್ಯಾನಿಸ್ಟ್ ಆದವರು ನೆಕ್ರೋಮ್‌ನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಟ್ಯುಟೋರಿಯಲ್ ಮುಗಿದಾಗ ಹೊಸ ಚಾಪ್ಟರ್‌ನ ಬಾಗಿಲು ಎದುರಿಗೆ ಮಿನುಗುತ್ತಿರುತ್ತದೆ. ಅದನ್ನು ದಾಟಿ ಬಣದ ಬಾಗಿಲು ಹಿಡಿಯಿರಿ. ಪಾತ್ರ ಮಾಡುವಾಗ ನಾರ್ಡ್, ಡಾರ್ಕ್ ಎಲ್ಫ್, ಆರ್ಗೋನಿಯನ್ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡರೆ ಪ್ಯಾಕ್ಟ್‌ಗೇ ಸೇರುತ್ತೀರಿ.

ಡೌನ್‌ಲೋಡ್ ನೂರು ಜಿಬಿ ಹತ್ತಿರ ಹೋಗುತ್ತದೆ, ರಾತ್ರಿ ಹಾಕಿ ಮಲಗಿ. ಪಾತ್ರ ಮಾಡುವ ಮೊದಲು ಗೆಳೆಯರಿಗೆ ಒಂದು ಫೋನ್ ಮಾಡಿ, ಇಬ್ಬರೂ ಯುರೋಪ್ ಸರ್ವರನ್ನೇ ಒತ್ತಿ. ನಮ್ಮ ಕಡೆಯಿಂದ ಅಮೆರಿಕಕ್ಕಿಂತ ಅದೇ ಹತ್ತಿರ. ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಪಾತ್ರ ಮಾಡಿಬಿಟ್ಟರೆ ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಆಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು.