ನಾಲ್ಕು ಜನ ಬೇಡವೆಂದರೆ ತಿದ್ದುಪಡಿ ನಿಂತುಹೋಗುತ್ತದೆಯೇ?

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಅಮೆರಿಕದ ವರ್ಜೀನಿಯಾದಲ್ಲಿದ್ದಾಳೆ. ಹೆಂಗಸರಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಆ ರಾಜ್ಯದ ಒಂದು ಉಪಸಮಿತಿಯಲ್ಲಿ ನಾಲ್ಕೇ ಜನ ಸೇರಿ ತಡೆದಿದ್ದರಂತೆ. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದ ನನಗೇ ನಂಬಲಾಗಲಿಲ್ಲ. ಇದು ನಿಜವೇ? ಸಂವಿಧಾನ ತಿದ್ದುವುದರಲ್ಲಿ ನಮ್ಮ ವಿಧಾನಸಭೆಗೂ ಪಾಲು ಇದೆಯೇ? ಇದ್ದರೆ ಅದು ನಮ್ಮ ಕಿವಿಗೆ ಏಕೆ ಬೀಳುವುದಿಲ್ಲ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಸಕರ ಆಪ್ತ ಸಹಾಯಕನಾಗಿದ್ದಾನೆ. ಅವನನ್ನು ಕೇಳಿದರೆ 'ಅಂಥದ್ದೇನೂ ಇಲ್ಲ ಸಾರ್' ಅಂದ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಮಗಳು ಹೇಳಿದ್ದು ನಿಜ. ನಿಮ್ಮ ವಿದ್ಯಾರ್ಥಿ ಹೇಳಿದ್ದು ತಪ್ಪು. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಅಮೆರಿಕದಲ್ಲಿ ಸಂವಿಧಾನಕ್ಕೆ ಒಂದು ತಿದ್ದುಪಡಿ ಸೇರಬೇಕಾದರೆ ಅವರ ಸಂಸತ್ತು, ಅಂದರೆ ಕಾಂಗ್ರೆಸ್, ಮೂರನೇ ಎರಡರಷ್ಟು ಮತದಿಂದ ಒಪ್ಪಿದರೆ ಸಾಲದು. ನಾಲ್ಕನೇ ಮೂರರಷ್ಟು ರಾಜ್ಯಗಳೂ ಒಪ್ಪಬೇಕು. ಈಗಿನ ಲೆಕ್ಕದಲ್ಲಿ 50ರಲ್ಲಿ 38 ರಾಜ್ಯ. ಸಮಾನ ಹಕ್ಕುಗಳ ತಿದ್ದುಪಡಿಯನ್ನು ಕಾಂಗ್ರೆಸ್ ಒಪ್ಪಿದ್ದು 1972ರ ಮಾರ್ಚಿನಲ್ಲಿ. ಅದರ ಮುಖ್ಯ ಮಾತು ಒಂದೇ ವಾಕ್ಯ: ಹೆಣ್ಣು ಗಂಡೆಂಬ ಕಾರಣಕ್ಕೆ ಕಾನೂನಿನ ಸಮಾನತೆಯನ್ನು ಯಾರಿಗೂ ಇಲ್ಲವೆನ್ನುವಂತಿಲ್ಲ. ರಾಜ್ಯಗಳಿಗೆ ಏಳು ವರ್ಷದ ಗಡುವು ಕೊಟ್ಟರು. ಆಮೇಲೆ ಅದನ್ನು 1982ರ ಜೂನ್ 30ರವರೆಗೆ ಎಳೆದರು. 35 ರಾಜ್ಯಗಳು ಒಪ್ಪಿದವು. ಮೂರು ರಾಜ್ಯ ಸಾಲದೇ ಬಂತು.

ವರ್ಜೀನಿಯಾ ಆಗ ಒಪ್ಪಿರಲಿಲ್ಲ. 2011ರ ನಂತರ ಅಲ್ಲಿನ ಸೆನೆಟ್, ಅಂದರೆ ಮೇಲ್ಮನೆ, ಹಲವು ಸಲ ಒಪ್ಪಿ ಕಳಿಸಿತು. ಕೆಳಮನೆಯಲ್ಲಿ ಮಾತ್ರ ನಿರ್ಣಯ ಸಮಿತಿಯ ಬಾಗಿಲು ದಾಟಿ ಸದನಕ್ಕೆ ಬರಲೇ ಇಲ್ಲ. ಅಷ್ಟರಲ್ಲಿ 2017ರಲ್ಲಿ ನೆವಾಡಾ, 2018ರಲ್ಲಿ ಇಲಿನಾಯ್ ಒಪ್ಪಿದವು. ಇನ್ನು ಬೇಕಿದ್ದದ್ದು ಒಂದೇ ರಾಜ್ಯ. 2019ರ ಜನವರಿ 15ರಂದು ವರ್ಜೀನಿಯಾದ ಸೆನೆಟ್ ಮತ್ತೆ 26-14 ಮತಗಳಿಂದ ಒಪ್ಪಿತು. ಒಂದು ವಾರ ಕಳೆಯಿತು. ಕೆಳಮನೆಯ ಉಪಸಮಿತಿಯಲ್ಲಿ ಮತಕ್ಕೆ ಹಾಕಿದರು. ನಾಲ್ಕು ಜನ ಬೇಡ, ಇಬ್ಬರು ಬೇಕು. ಅಲ್ಲಿಗೆ ಮುಗಿಯಿತು. ಕೆಳಮನೆಯಲ್ಲಿರುವುದು ನೂರು ಜನ. ಅವರಲ್ಲಿ ಉಳಿದವರ ಮುಂದೆ ವಿಷಯ ಹೋಗಲೇ ಇಲ್ಲ. ಸಮಿತಿಯನ್ನು ಬದಿಗಿಟ್ಟು ನೇರವಾಗಿ ಸದನಕ್ಕೆ ತರೋಣ ಅಂತ ಫೆಬ್ರವರಿಯಲ್ಲಿ ಪ್ರಯತ್ನಪಟ್ಟರು. ಅದು 50-50 ಆಗಿ ಬಿದ್ದುಹೋಯಿತು.

ಇದನ್ನು ಓದಿದಾಗ ನಿಮಗೆ ಬಂದ ಸಿಟ್ಟೇ ನನಗೂ ಬಂತು. ಆದರೆ ಅದರ ಮುಂದಿನ ಭಾಗವನ್ನೂ ನೋಡಬೇಕು. ಆ ಉಪಸಮಿತಿಯ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಸಮಿತಿ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಹೆಸರು ಬರೆಸಿ ಒಂದೆರಡು ನಿಮಿಷ ಮಾತಾಡಬಹುದು. ಯಾರು ಬೇಕು ಅಂದರು, ಯಾರು ಬೇಡ ಅಂದರು ಅನ್ನುವುದು ಹೆಸರು ಸಮೇತ ದಾಖಲಾಗುತ್ತದೆ. ನಿಮ್ಮ ಮಗಳಿಗೆ ನಾಲ್ಕು ಅನ್ನುವ ಅಂಕಿ ಗೊತ್ತಾಗಿದ್ದೇ ಹಾಗೆ. ಅದೇ ನವೆಂಬರಿನಲ್ಲಿ ಎರಡೂ ಸದನಗಳ ಎಲ್ಲ ಸ್ಥಾನಗಳಿಗೂ ಚುನಾವಣೆ ಇತ್ತು. ಈ ತಿದ್ದುಪಡಿಯೂ ಪ್ರಚಾರದಲ್ಲಿ ಬಂತು. ಅದೊಂದರಿಂದಲೇ ಬಹುಮತ ಬದಲಾಯಿತು ಅಂತ ನಾನು ಹೇಳಲಾರೆ. ಬದಲಾದದ್ದಂತೂ ಹೌದು. 2020ರ ಜನವರಿ 15ರಂದು ಕೆಳಮನೆ 59-41, ಸೆನೆಟ್ 28-12. ಆ ತಿಂಗಳ 27ಕ್ಕೆ ಕೆಲಸ ಪೂರ್ತಿಯಾಗಿ ವರ್ಜೀನಿಯಾ 38ನೇ ರಾಜ್ಯವಾಯಿತು.

ತಿದ್ದುಪಡಿ ಮಾತ್ರ ಇನ್ನೂ ಸಂವಿಧಾನದ ಪುಸ್ತಕಕ್ಕೆ ಸೇರಿಲ್ಲ. ಗಡುವು ದಾಟಿತ್ತು ಅಂತ ಒಂದು ಕಡೆ, ಐದು ರಾಜ್ಯಗಳು ಕೊಟ್ಟ ಒಪ್ಪಿಗೆಯನ್ನು 1970ರ ದಶಕದಲ್ಲೇ ವಾಪಸ್ ಪಡೆದಿದ್ದವು ಅಂತ ಇನ್ನೊಂದು ಕಡೆ ತಕರಾರು. 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಇದು ಜಾರಿಯಲ್ಲಿದೆ ಅಂತಲೇ ಹೇಳಿದರು. ಅದನ್ನು ಪ್ರಕಟಿಸಬೇಕಾದ ಅಧಿಕಾರಿ ಪ್ರಕಟಿಸಲಿಲ್ಲ. ಆ ಜಗಳ ಅಲ್ಲಿಗಿರಲಿ.

ಈಗ ನಮ್ಮ ಮನೆಯ ವಿಷಯ. ನಮ್ಮ ಸಂವಿಧಾನದ 368ನೇ ವಿಧಿ ತೆಗೆದು ನೋಡಿ. ಹೆಚ್ಚಿನ ತಿದ್ದುಪಡಿಗಳಿಗೆ ಸಂಸತ್ತೇ ಸಾಕು, ನಿಜ. ಆದರೆ ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟು, ಕೇಂದ್ರ-ರಾಜ್ಯಗಳ ನಡುವಿನ ಅಧಿಕಾರದ ಹಂಚಿಕೆ, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಕೊನೆಗೆ 368ನೇ ವಿಧಿಯೇ — ಇವನ್ನು ಮುಟ್ಟಬೇಕಾದರೆ ಕಡೇಪಕ್ಷ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಒಪ್ಪಬೇಕು. ಇದು ಬರೀ ಶಾಸ್ತ್ರಕ್ಕೆ ಇರುವ ಮಾತಲ್ಲ. ಇದಕ್ಕೆ ನಿಮ್ಮೂರಿನ ಹಾಲಿನ ಡೇರಿಯೇ ಸಾಕ್ಷಿ.

ಬೆಳಗಿನ ಜಾವ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಫ್ಯಾಟ್ ಎಷ್ಟು ಬಂತು ಅಂತ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುವ ಆ ಡೇರಿ ಒಂದು ಸಹಕಾರ ಸಂಘ. ಸಹಕಾರ ಸಂಘ ಅನ್ನುವುದು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡುವ ವಿಷಯಗಳ ಪಟ್ಟಿಯ, 32ನೇ ವಿಷಯ. 2012ರಲ್ಲಿ ಜಾರಿಗೆ ಬಂದ 97ನೇ ತಿದ್ದುಪಡಿ ಇಂಥ ಸಂಘಗಳಿಗೆಲ್ಲ ನಿಯಮ ಹಾಕಿತು. ಆಡಳಿತ ಮಂಡಳಿಯಲ್ಲಿ 21ಕ್ಕಿಂತ ಜಾಸ್ತಿ ನಿರ್ದೇಶಕರು ಇರಬಾರದು, ಅವಧಿ ಐದು ವರ್ಷ, ಇಬ್ಬರು ಮಹಿಳೆಯರಿಗೆ ಸ್ಥಾನ. ನಿಯಮಗಳು ಕೆಟ್ಟವೇನೂ ಅಲ್ಲ. ಆದರೆ ರಾಜ್ಯಗಳನ್ನು ಕೇಳಿರಲಿಲ್ಲ. 2013ರಲ್ಲಿ ಗುಜರಾತ್ ಹೈಕೋರ್ಟು ಇದು ನಡೆಯುವುದಿಲ್ಲ ಅಂದಿತು. 2021ರ ಜುಲೈ 20ರಂದು ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಲವು ರಾಜ್ಯಗಳಲ್ಲಿ ಕೆಲಸ ಮಾಡುವ ಸಂಘಗಳಿಗೆ ಈ ನಿಯಮಗಳ ಭಾಗ ಉಳಿಯಿತು. ರಾಜ್ಯದೊಳಗಿನ ಸಂಘಗಳಿಗೆ ಬಿದ್ದುಹೋಯಿತು. ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಇರಲಿಲ್ಲ ಅನ್ನುವುದೇ ಕಾರಣ. ನಿಮ್ಮ ವಿದ್ಯಾರ್ಥಿಗೆ ಇದನ್ನು ಖಂಡಿತ ಹೇಳಿ.

ಇಷ್ಟು ದೊಡ್ಡ ಅಧಿಕಾರ ಇದ್ದೂ ಅದು ನಮ್ಮ ಕಿವಿಗೆ ಏಕೆ ಬೀಳುವುದಿಲ್ಲ? ನಿಮ್ಮ ಮೂರನೆಯ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡಿದ್ದು.

ಜಿಎಸ್‌ಟಿ ನೆನಪು ಮಾಡಿಕೊಳ್ಳಿ. ರಾಜ್ಯಗಳ ತೆರಿಗೆ ಹಾಕುವ ಅಧಿಕಾರವನ್ನೇ ಬದಲಿಸಿದ ತಿದ್ದುಪಡಿ ಅದು. ಲೋಕಸಭೆ ಕೊನೆಯದಾಗಿ ಒಪ್ಪಿದ್ದು 2016ರ ಆಗಸ್ಟ್ 8ಕ್ಕೆ. ನಾಲ್ಕು ದಿನಕ್ಕೆ ಅಸ್ಸಾಂ ಒಪ್ಪಿತು. ಸೆಪ್ಟೆಂಬರ್ 1ಕ್ಕೆ ಒಡಿಶಾ ಒಪ್ಪಿದಾಗ 16 ರಾಜ್ಯ ಆಯಿತು. 8ಕ್ಕೆ ರಾಷ್ಟ್ರಪತಿ ಸಹಿ. ಸರಿಯಾಗಿ ಒಂದು ತಿಂಗಳು. ಅಂಗಡಿಯವರನ್ನು, ನೇಕಾರರನ್ನು, ಸಣ್ಣ ಕಾರ್ಖಾನೆಯವರನ್ನು ಕೂರಿಸಿಕೊಂಡು ಒಂದೊಂದು ರಾಜ್ಯವೂ ಅವರ ಮಾತು ಕೇಳಲು ಆ ತಿಂಗಳಲ್ಲಿ ಜಾಗವೇ ಇರಲಿಲ್ಲ.

ನಾನು ವರದಿಗಾರನಾಗಿದ್ದಾಗ ವಿಧಾನಸೌಧದ ಪತ್ರಕರ್ತರ ಗ್ಯಾಲರಿಯಲ್ಲಿ ಎಷ್ಟೋ ನಿರ್ಣಯ ಪಾಸಾಗುವುದನ್ನು ನೋಡಿದ್ದೇನೆ. ಸಭಾಧ್ಯಕ್ಷರು ಓದುತ್ತಾರೆ. ಪರವಾಗಿರುವವರು ಹೌದು ಅನ್ನಿ ಅನ್ನುತ್ತಾರೆ. ಒಂದಷ್ಟು ದನಿ ಕೇಳುತ್ತದೆ. "ಪ್ರಸ್ತಾವ ಅಂಗೀಕೃತವಾಯಿತು." ಒಮ್ಮೆ ನಾನು ಪೆನ್ನಿನ ಕ್ಯಾಪ್ ತೆಗೆದು ಬರೆಯಲು ಶುರು ಮಾಡುವಷ್ಟರಲ್ಲಿ ಮುಗಿದೇ ಹೋಗಿತ್ತು. ಪಕ್ಕದವರನ್ನು ಕೇಳಿದೆ, ಯಾವುದು ಪಾಸಾಯಿತು? ಅವರಿಗೂ ಗೊತ್ತಿರಲಿಲ್ಲ. ಧ್ವನಿಮತದಲ್ಲಿ ನಮ್ಮ ಶಾಸಕರು ಏನಂದರು ಅಂತ ಆಮೇಲೆ ಹುಡುಕಿದರೆ ಹೆಸರು ಸಿಗುವುದಿಲ್ಲ.

2024ರ ಜುಲೈ 25ರಂದು ನಮ್ಮ ವಿಧಾನಮಂಡಲ ನೀಟ್, ಒಂದು ದೇಶ ಒಂದು ಚುನಾವಣೆ, ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಈ ಮೂರರ ವಿರುದ್ಧವೂ ನಿರ್ಣಯ ಮಾಡಿತು. ಇವು 368ನೇ ವಿಧಿಯ ಒಪ್ಪಿಗೆಗಳಲ್ಲ. ರಾಜ್ಯದ ಅಭಿಪ್ರಾಯ ತಿಳಿಸುವ ನಿರ್ಣಯಗಳು. ಕೇಂದ್ರಕ್ಕೆ ಇವು ಕಟ್ಟುಪಾಡಲ್ಲ. ಆ ಅಭಿಪ್ರಾಯ ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ನೋವು ಬೇರೆ. ನಮ್ಮ ರಾಜ್ಯಕ್ಕೆ ಲೋಕಸಭೆಯಲ್ಲಿ 28 ಸ್ಥಾನ ಉಳಿಯುತ್ತವೋ ಇಲ್ಲವೋ ಅನ್ನುವಂಥ ಮಾತು, ಗದ್ದಲದ ನಡುವೆ, ಇನ್ನೆರಡು ದೊಡ್ಡ ವಿಷಯಗಳ ಜೊತೆ ಒಂದೇ ದಿನ ಮುಗಿಯಿತು. ಒಂದು ದೇಶ ಒಂದು ಚುನಾವಣೆಯ ಮಸೂದೆಯನ್ನು ಸಂಸತ್ತು ಜಂಟಿ ಸಮಿತಿಗೆ ಕಳಿಸಿತು. ನಾವೂ ಒಂದು ಸಮಿತಿ ಮಾಡಿ, ಬೆಳಗಾವಿ, ಕಲಬುರಗಿ, ಮಂಗಳೂರಿನಲ್ಲಿ ಜನರ ಮಾತು ಕೇಳಿ, ಆಮೇಲೆ ನಿರ್ಣಯ ಮಾಡಿದ್ದರೆ ಅದಕ್ಕೆ ಎಷ್ಟು ತೂಕ ಬರುತ್ತಿತ್ತು ಅಲ್ವಾ?

ನಮ್ಮಲ್ಲಿ ಸಮಿತಿಗಳಿಗೇನೂ ಬರವಿಲ್ಲ. ಲೆಕ್ಕಪತ್ರ ಸಮಿತಿ, ಭರವಸೆಗಳ ಸಮಿತಿ, ಅರ್ಜಿಗಳ ಸಮಿತಿ ಎಲ್ಲ ಇವೆ. ಆದರೆ ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಅಧಿಕಾರಿಗಳು ಹಿಂಜರಿಯದೆ ಮಾತಾಡಲಿ ಅನ್ನುವುದು ಅದಕ್ಕೆ ಕೊಡುವ ಕಾರಣ. ಲೆಕ್ಕಪತ್ರದ ವಿಷಯಕ್ಕೆ ಅದನ್ನು ಒಪ್ಪಬಹುದು. ಸಂವಿಧಾನ ತಿದ್ದುವ ವಿಷಯಕ್ಕೆ ನಾನು ಒಪ್ಪುವುದಿಲ್ಲ. ತೆರೆದ ಬಾಗಿಲ ಸಮಿತಿಯಲ್ಲೂ ನಾಲ್ಕು ಜನ ಸೇರಿ ಒಳ್ಳೆಯದನ್ನು ತಡೆಯಬಹುದು, ವರ್ಜೀನಿಯಾದಲ್ಲಿ ಆದದ್ದೇ ಅದು. ಅದಕ್ಕೇ ನನ್ನ ಬೇಡಿಕೆ ಇಷ್ಟೇ: ಸಮಿತಿ ಕೇಳಲಿ, ವರದಿ ಕೊಡಲಿ, ತಡೆಯುವ ಅಧಿಕಾರ ಬೇಡ. ಮತ ಇಡೀ ಸದನದಲ್ಲಿ, ಹೆಸರು ಕರೆದು ನಡೆಯಲಿ.

ಶಾಸಕರ ಮೂಲಕ ಅರ್ಜಿಗಳ ಸಮಿತಿಗೆ ಅರ್ಜಿ ಕೊಡುವ ದಾರಿ ಇದೆ. ನಿಮ್ಮ ವಿದ್ಯಾರ್ಥಿ ಅಲ್ಲೇ ಇದ್ದಾರೆ. 368ರ ನಿರ್ಣಯ ಬಂದಾಗಲೆಲ್ಲ ಮೊದಲು ಜನರ ಮಾತು ಕೇಳಬೇಕು ಅಂತ ನಿಮ್ಮ ಕೈಬರಹದಲ್ಲೇ ಒಂದು ಪುಟ ಬರೆಯಿರಿ. ಕೊಡುವ ಮೊದಲು ನನಗೊಂದು ಪ್ರತಿ ಕಳಿಸಿ. ಕೆಳಗೆ ನನ್ನದೂ ಒಂದು ಸಹಿ ಇರಲಿ.

— ಸಂಪಾದಕ