ಬ್ರಹ್ಮನಿಗೇಕೆ ಗುಡಿಯಿಲ್ಲ?

ಓದುಗರ ಪತ್ರದ ಸಾರ: "ಬ್ರಹ್ಮ, ವಿಷ್ಣು, ಮಹೇಶ್ವರ ಮೂವರೂ ಸಮಾನರು, ತ್ರಿಮೂರ್ತಿಯೇ ಹಿಂದೂ ಧರ್ಮದ ಬುನಾದಿ ಎಂದು ಓದಿಕೊಂಡು ಬಂದಿದ್ದೇವೆ. ಹಾಗಿದ್ದರೆ ಬ್ರಹ್ಮನಿಗೆ ಗುಡಿಯೇ ಏಕಿಲ್ಲ? ಕ್ರೈಸ್ತರ ತ್ರಿತ್ವವೂ ಇದೂ ಒಂದೇ ಅಲ್ಲವೆ?"

ಮಾನ್ಯರೆ,

ಗುಡಿಯೇ ಇಲ್ಲವೆಂದಲ್ಲ, ರಾಜಸ್ಥಾನದ ಪುಷ್ಕರದಲ್ಲಿದೆ. ಆದರೂ ನಿಮ್ಮ ಅನುಮಾನ ಸರಿಯಾದ ಜಾಗವನ್ನೇ ಹಿಡಿದಿದೆ. ಶಿವಲಿಂಗದ ತುದಿ ಕಂಡೆನೆಂದು ಬ್ರಹ್ಮ ಕೇದಿಗೆ ಹೂವಿನಿಂದ ಸುಳ್ಳುಸಾಕ್ಷಿ ಹೇಳಿಸಿದ, ನಿನಗೆ ಪೂಜೆಯೇ ಇಲ್ಲದೆ ಹೋಗಲಿ ಎಂದು ಶಿವ ಶಪಿಸಿದ ಎಂಬ ಕಥೆ ನೀವೂ ಕೇಳಿರುತ್ತೀರಿ. ಹೇಳುತ್ತಿರುವವರು ಯಾರು ನೋಡಿ, ಶೈವರು. ಅದರಲ್ಲಿ ಲಿಂಗದ ತುದಿ ಹುಡುಕಿ ಹೋದ ಬ್ರಹ್ಮನೂ ಬುಡ ಹುಡುಕಿ ಹೋದ ವಿಷ್ಣುವೂ ಸೋತು ಬರುತ್ತಾರೆ. ಸಮಾನತೆ ಎಲ್ಲಿ ಬಂತು?

ವಿಷ್ಣುಪುರಾಣ ತೆರೆಯಿರಿ. ಸೃಷ್ಟಿ, ಸ್ಥಿತಿ, ಲಯಗಳಿಗಾಗಿ ಬ್ರಹ್ಮ, ವಿಷ್ಣು, ಶಿವ ಎಂಬ ಹೆಸರು ತಾಳುವವನು ಜನಾರ್ದನನೊಬ್ಬನೇ, ಅಂದರೆ ವಿಷ್ಣುವೇ. ಮಾಧ್ವರ ತಾರತಮ್ಯದಲ್ಲಂತೂ, ಅಂದರೆ ದೇವತೆಗಳ ಮೇಲುಕೀಳಿನ ಶ್ರೇಣಿಯಲ್ಲಿ, ಬ್ರಹ್ಮ, ರುದ್ರರು ಹರಿಯ ಅಧೀನದ ಜೀವರು. ಇನ್ನು ಲಲಿತಾ ಸಹಸ್ರನಾಮ: 'ಸೃಷ್ಟಿಕರ್ತ್ರೀ ಬ್ರಹ್ಮರೂಪಾ ಗೋಪ್ತ್ರೀ ಗೋವಿಂದರೂಪಿಣೀ, ಸಂಹಾರಿಣೀ ರುದ್ರರೂಪಾ'. ಮೂವರೂ ದೇವಿಯ ರೂಪಗಳೇ. ಅಷ್ಟಕ್ಕೇ ನಿಲ್ಲದೆ ತಿರೋಧಾನ (ಮರೆಮಾಡುವುದು), ಅನುಗ್ರಹಗಳನ್ನು ಸೇರಿಸಿ ಅವಳನ್ನು 'ಪಂಚಕೃತ್ಯಪರಾಯಣಾ', ಐದು ಕೆಲಸಗಳಲ್ಲಿ ತೊಡಗಿದವಳು, ಎನ್ನುತ್ತದೆ. ಮೂರರ ಲೆಕ್ಕ ಅಲ್ಲಿ ಸಾಲಲಿಲ್ಲ.

ನನಗನ್ನಿಸುವುದಿಷ್ಟು: ತ್ರಿಮೂರ್ತಿ ಎಲ್ಲರೂ ಒಪ್ಪಿದ ಸಿದ್ಧಾಂತವಾಗಿರಲಿಲ್ಲ. ಮೂವರ ಹೆಸರನ್ನೂ ಹೇಳಿ, ಅವರ ಮೇಲೆ ತಮ್ಮ ದೇವರನ್ನು ಕೂರಿಸಲು ಒಬ್ಬೊಬ್ಬರೂ ಬಳಸಿಕೊಂಡ ಚೌಕಟ್ಟು ಅದು. ಮೂವರನ್ನೂ ನಿಜವಾಗಿ ಸಮವಾಗಿ ಕಂಡವನು ಕಾಳಿದಾಸ. ಕುಮಾರಸಂಭವದ ಏಳನೆಯ ಸರ್ಗದಲ್ಲಿ ಒಂದೇ ಮೂರ್ತಿ ಮೂರಾಯಿತು ಎನ್ನುತ್ತಾನೆ. ಹಿರಿತನ ಒಮ್ಮೆ ಹರನದು, ಒಮ್ಮೆ ಹರಿಯದು, ಒಮ್ಮೆ ಬ್ರಹ್ಮನದು. ಅದೇ ಕಾವ್ಯದ ಎರಡನೆಯ ಸರ್ಗದಲ್ಲಿ ದೇವತೆಗಳು 'ತ್ರಿಮೂರ್ತಿ' ಎಂದು ನಮಸ್ಕರಿಸುವುದು, ನೋಡಿ, ಬ್ರಹ್ಮನಿಗೇ!

ಪೂಜೆಯ ವಿಷಯಕ್ಕೆ ಬಂದರೆ ಸಮನ್ವಯದವರೂ ಅವನನ್ನು ಹೊರಗಿಟ್ಟರು. ಸ್ಮಾರ್ತರು ಐದು ದೇವರನ್ನು ಒಟ್ಟಿಗೆ ಪೂಜಿಸುವ ಪಂಚಾಯತನದಲ್ಲಿ ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಇದ್ದಾರೆ, ಬ್ರಹ್ಮನಿಲ್ಲ. ನಮ್ಮ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯ ಮೂರ್ತಿ ಅರ್ಧ ಹರ, ಅರ್ಧ ಹರಿ. ಮೂರನೆಯವನಿಗೆ ಪಾಲಿಲ್ಲ. ಎಲಿಫೆಂಟಾ ಗುಹೆಯ ಮೂರು ಮುಖದ ಬೃಹತ್ ಶಿಲ್ಪವನ್ನು ಬಹುಕಾಲ ತ್ರಿಮೂರ್ತಿ ಎಂದೇ ಕರೆದರು. ಆ ಮೂರೂ ಶಿವನವೇ, ಅದು ಸದಾಶಿವ.

ತ್ರಿತ್ವದ ಹೋಲಿಕೆ ಕೂಡ ಇಲ್ಲೇ ತಪ್ಪುತ್ತದೆ. ಕ್ರೈಸ್ತರಲ್ಲಿ 325ರ ನಿಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಕೂತು ವಿಶ್ವಾಸದ ಸೂತ್ರ ನಿಗದಿ ಮಾಡಿದವು. ತಂದೆ, ಮಗ, ಪವಿತ್ರಾತ್ಮರ ನಡುವೆ ಸೃಷ್ಟಿ, ಸ್ಥಿತಿ, ಲಯವೆಂಬ ಖಾತೆ ಹಂಚಿಕೆಯೂ ಇಲ್ಲ. ನಮ್ಮಲ್ಲಿ ಅಂಥ ಸಭೆ ಕೂರಲೇ ಇಲ್ಲ.

ಮೂವರೂ ಒಂದೇ ದೇಹದಲ್ಲಿ ಪೂಜೆಗೊಳ್ಳುವುದನ್ನು ಕಾಣಬೇಕೆಂದರೆ ದತ್ತಾತ್ರೇಯನ ಮೂರು ತಲೆ, ಆರು ಕೈಗಳ ರೂಪ ನೋಡಿ. ಅವನ ವಿಷಯದಲ್ಲೂ ಭಾಗವತದ ಮಾತು ಬೇರೆ: ಅತ್ರಿ-ಅನಸೂಯೆಯರ ಮಕ್ಕಳಲ್ಲಿ ಸೋಮ ಬ್ರಹ್ಮನ ಅಂಶ, ದೂರ್ವಾಸ ಶಿವನ ಅಂಶ, ದತ್ತ ವಿಷ್ಣುವಿನ ಅಂಶ ಮಾತ್ರ.

— ಸಂ.